ನೀರುದೋಸೆಯ ಕಾವಲಿ

ಡೊಂಬಿವಲಿ,
ಗುರುವಾರ ರಾತ್ರಿ

ಪುಟ್ಟಿ,

ಫೋನ್ ಮಾಡಿದರೆ "ಎಡಿಟಿಂಗಲ್ಲಿದ್ದೇನೆ ಅಪ್ಪಾ, ಆಮೇಲೆ ಮಾಡ್ತೇನೆ" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪುರುಸೊತ್ತಾದಾಗ ಓದು.

ನಿನ್ನ ಯೂಟ್ಯೂಬ್ ಚಾನೆಲ್ಲಿನ ಕಳೆದ ನಾಲ್ಕು ವಾರದ ವಿಡಿಯೋಗಳನ್ನು ಒಂದರ ಹಿಂದೆ ಒಂದು ನೋಡಿದೆ. ನಾಲ್ಕರಲ್ಲೂ ಬೇರೆ ಬೇರೆ ಕುರ್ತಾ. ಆದರೆ ಹಿಂದಿನ ಬಾಗಿಲಿಗೆ ನೇತುಹಾಕಿದ ಕೊಡೆಯಿಂದ ನಾಲ್ಕರಲ್ಲೂ ನೀರು ತೊಟ್ಟಿಕ್ಕುತ್ತಿದೆ. ಒಂದೇ ದಿನ ಮುಗಿಸಿದ್ದೀಯ, ಅಲ್ವಾ? ಅಮ್ಮನಿಗೂ ತೋರಿಸಿದೆ. "ನಾಲ್ಕನೆಯದರಲ್ಲಿ ಅವಳ ಕಣ್ಣು ನೋಡಿ" ಅಂದಳು.

ತಪ್ಪು ಅಂತಲ್ಲ. ಹೋಟೆಲಿನಲ್ಲಿ ನಾವೂ ಅದನ್ನೇ ಮಾಡುತ್ತಿದ್ದೆವು. ಮುಂಬಯಿಯ ಮಾಟುಂಗಾದಲ್ಲಿ ಮಧ್ಯಾಹ್ನ ಮೂರರಿಂದ ನಾಲ್ಕೂವರೆವರೆಗೆ ಗಿರಾಕಿ ಕಡಿಮೆ. ಮರುದಿನದ ಇಡ್ಲಿಗೆ, ದೋಸೆಗೆ ರುಬ್ಬುವುದು, ಬಟಾಟೆ ಬೇಯಿಸುವುದು, ಕಾಯಿ ಹೆರೆಯುವುದು ಎಲ್ಲ ಆಗಲೇ. ಹಿಟ್ಟು ಮೊದಲೇ ಮಾಡಿಡಬಹುದು. ದೋಸೆ ಮಾತ್ರ ಆರ್ಡರ್ ಬಂದ ಮೇಲೆಯೇ ಹೊಯ್ಯಬೇಕು. ನಿನ್ನ ಸ್ಕ್ರಿಪ್ಟು, ಥಂಬ್‌ನೇಲು, ಸಾಮಾನು ತರುವುದು, ಇವೆಲ್ಲ ಹಿಟ್ಟು. ಕ್ಯಾಮೆರಾ ಎದುರು ಮಾತಾಡುವುದು ದೋಸೆ. ನೀನು ದೋಸೆಯನ್ನೂ ಹೊಯ್ದು ಪೇರಿಸಿಡುತ್ತಿದ್ದೀಯ.

ನಿನ್ನ ಅಂಧೇರಿ ರೂಮಿನ ಗೋಡೆಯ ಚೀಟಿಗಳನ್ನು ಮೊನ್ನೆ ಓದಿದೆ. ವಾರಕ್ಕೊಂದು ಅಡುಗೆ ವಿಡಿಯೋ, ದಿನಕ್ಕೊಂದು ಶಾರ್ಟ್ಸ್ ಅನ್ನುವ ತುಂಡು ವಿಡಿಯೋ, ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ಆಡಿದ ಹಿರಿಯರ ಸಂದರ್ಶನ, ಮಸಾಲೆ ಕಂಪನಿಯ ಜಾಹೀರಾತು, ಯಾರದೋ ಮದುವೆ ವಿಡಿಯೋದ ಎಡಿಟಿಂಗ್. (ಬಾಡಿಗೆ ಹುಟ್ಟುವುದು ಮದುವೆಯಿಂದಲೇ, ನನಗೆ ಗೊತ್ತು.) ಮೂಲೆಯಲ್ಲಿ ಹಸಿರು ಚೀಟಿ, ನಾನು ಅಡುಗೆ ಮಾಡುವ 'ಅಪ್ಪನ ಅಡುಗೆಮನೆ'.

ಮೊದಮೊದಲು ನನಗೂ ಹುಚ್ಚು ಹಿಡಿದಿತ್ತು. ಜಾಹೀರಾತಿನ ದುಡ್ಡು ಬರಬೇಕಾದರೆ 1000 ಸಬ್‌ಸ್ಕ್ರೈಬರ್, 12 ತಿಂಗಳಲ್ಲಿ 4000 ಗಂಟೆ ಜನ ನೋಡಿರಬೇಕು ಅಂತ ನೀನು ಅಂದೆ. ಕುಂದಾಪುರದ ನೆಂಟರಿಗೆಲ್ಲ ಫೋನ್ ಮಾಡಿದವನು ನಾನೇ. ರಾತ್ರಿ ನಿನ್ನ ವಿಡಿಯೋ ಹಾಕಿಟ್ಟು ಮಲಗುತ್ತಿದ್ದೆ. ಗೊತ್ತಾದಾಗ ನೀನು ಬೈದೆ.

ಆಮೇಲೆ 8 ನಿಮಿಷದ ಲೆಕ್ಕ ಬಂತು. ಅಷ್ಟು ಉದ್ದ ಇದ್ದರೆ ನಡುವೆಯೂ ಜಾಹೀರಾತು ಹಾಕಬಹುದು ಅಂತ. ಹೋದ ಸಲ ನನ್ನ ನೀರುದೋಸೆ ಆರೇ ನಿಮಿಷಕ್ಕೆ ಮುಗಿಯಿತು. "ಊರಿನ ಕಥೆ ಏನಾದರೂ ಹೇಳಿ ಅಪ್ಪಾ" ಅಂದೆ. ನನ್ನಮ್ಮ ಮಳೆಗಾಲದಲ್ಲಿ ಒದ್ದೆ ಸೌದೆ ಊದುತ್ತಾ ದೋಸೆ ಹೊಯ್ಯುತ್ತಿದ್ದುದನ್ನು ಹೇಳತೊಡಗಿದೆ. ನೀನು ಕೇಳುತ್ತಿರಲಿಲ್ಲ, ಪುಟ್ಟಿ. ಕ್ಯಾಮೆರಾದಲ್ಲಿ ಓಡುವ ಅಂಕಿ ನೋಡುತ್ತಿದ್ದೆ. 8 ದಾಟಿದ ಕೂಡಲೇ "ಸಾಕು, ಆಯ್ತು" ಅಂದೆ. ಕಥೆಯಲ್ಲಿ ನನ್ನಮ್ಮ ಇನ್ನೂ ಸೌದೆ ಊದುತ್ತಲೇ ಇದ್ದರು.

ಬೇಜಾರು ಮಾಡಿಕೊಂಡು ಬರೆದದ್ದಲ್ಲ. ಸ್ವಲ್ಪ ಆಗಿತ್ತು, ಹೋಯಿತು.

ನಮ್ಮ ಸೇಠರು ಒಂದು ದಿನ ಬೋರ್ಡಿನಿಂದ ನೀರುದೋಸೆ ಅಳಿಸಿಬಿಟ್ಟರು. ಅದು ಖರ್ಚಾಗುತ್ತಿರಲಿಲ್ಲ ಅಂತಲ್ಲ, ಚೆನ್ನಾಗಿಯೇ ಹೋಗುತ್ತಿತ್ತು. ಆದರೆ ಅದಕ್ಕೆ ಬೇರೆ ಕಾವಲಿ, ಬೇರೆ ಉರಿ, ಪಕ್ಕದಲ್ಲೇ ನಿಲ್ಲುವ ಒಬ್ಬ ಮನುಷ್ಯ ಬೇಕು. ಸಂಜೆ ಮಸಾಲೆದೋಸೆಯ ಸಾಲು ಬಾಗಿಲವರೆಗೆ ಬಂದಾಗ ಆ ಮನುಷ್ಯ ಎಲ್ಲಿಂದ ಬರಬೇಕು? ಊರ ಕಡೆಯ ಗಿರಾಕಿಗಳು ಗೊಣಗಿದರು. ಸೇಠರು ಗಲ್ಲೆಯಲ್ಲಿ ಕೂತು ನಕ್ಕರು, ಅಷ್ಟೇ. ಅವತ್ತು ನನಗೂ ಸಿಟ್ಟು ಬಂದಿತ್ತು. ಯಾಕೆಂದರೆ ಆ ಕಾವಲಿ ನನ್ನದು.

ಈಗ ನಾನೇ ಹೇಳುತ್ತಿದ್ದೇನೆ, ಹಸಿರು ಚೀಟಿ ಕಿತ್ತುಹಾಕು. ಹಿರಿಯರ ಸಂದರ್ಶನ ಮಾತ್ರ ಬಿಡಬೇಡ. ಅವರಲ್ಲಿ ಇಬ್ಬರಿಗೆ ಎಂಬತ್ತು ದಾಟಿದೆ. ನನ್ನದು ಅಷ್ಟು ಅರ್ಜೆಂಟಿಲ್ಲ. "ಅಪ್ಪ ಯಾಕೆ ಬರ್ತಿಲ್ಲ" ಅಂತ ನೋಡುವವರು ಕೇಳಿದರೆ ಅಪ್ಪ ರಜೆ ಹಾಕಿದ್ದಾರೆ ಅಂತ ಬರೆ.

ಭಾನುವಾರ ಬಾ. ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವ ಮೆಗಾಬ್ಲಾಕ್ ಇದೆಯಾ ನೋಡಿಕೊಂಡು ದಾದರಿನಲ್ಲಿ ಗಾಡಿ ಹತ್ತು. ಶೂಟಿಂಗಿಗೆ ಅಂತ ಒಯ್ದ ಮಿಕ್ಸಿಯ ಸಣ್ಣ ಜಾರ್ ಮರೆಯದೆ ತಾ. ಹದಿನೈದು ದಿನದಿಂದ ಅಮ್ಮ ದೊಡ್ಡ ಜಾರಿನಲ್ಲೇ ಚಟ್ನಿ ಮಾಡುತ್ತಿದ್ದಾಳೆ, ಬೈಗುಳ ತಿನ್ನುತ್ತಿರುವವನು ನಾನು.

ನಿನ್ನ
ಅಪ್ಪ