ಟವೆಲ್ ಹಾಕಿ ಸೀಟು ಹಿಡಿದ ಹಾಗೆ

ಲೋ ಗೆಳೆಯಾ,

"ಇದೇನು ನಿಮ್ಮ ಮನೆ ಸೋಫಾನಾ?" ಅಂತ ಜಿಮ್‌ನಲ್ಲಿ ಯಾರೋ ಕೇಳಿದರು ಅಂತ ಬೇಜಾರು ಮಾಡಿಕೊಂಡು ಬರೆದಿದ್ದೆಯಲ್ಲ, ಓದಿ ನಗು ಬಂತು. ಹೋದ ವರ್ಷ ಅದೇ ಮಾತು ನನಗೂ ಬೀಳಬೇಕಿತ್ತು, ಸ್ವಲ್ಪದರಲ್ಲಿ ತಪ್ಪಿತು.

ಬೆಂಚಿನ ಮೇಲೆ ಮಲಗಿ ಭಾರ ಎತ್ತುವ ಬೆಂಚ್ ಪ್ರೆಸ್ ಮಾಡಿ, ಅಲ್ಲೇ ಕೂತು ಮೊಬೈಲ್ ನೋಡುತ್ತಾ ಮೂರು ನಿಮಿಷ ಸುಧಾರಿಸಿಕೊಂಡೆ ಅಂದೆಯಲ್ಲ. ಮೂರು ನಿಮಿಷ ಸುಧಾರಿಸಿಕೊಂಡಿದ್ದರಲ್ಲಿ ತಪ್ಪಿಲ್ಲ. ಜಾಸ್ತಿ ಭಾರವನ್ನು ಐದಾರು ಸಲ ಎತ್ತುವಷ್ಟರಲ್ಲಿ ಸ್ನಾಯುವಿನಲ್ಲಿರುವ ಫಾಸ್ಫೋಕ್ರಿಯಾಟಿನ್ ಅನ್ನೋ ದಿಢೀರ್ ಇಂಧನ ಬಹಳ ಮಟ್ಟಿಗೆ ಖರ್ಚಾಗುತ್ತದೆ. ಅದು ಹೆಚ್ಚುಕಡಿಮೆ ಮತ್ತೆ ತುಂಬಿಕೊಳ್ಳೋಕೆ ಮೂರು ನಿಮಿಷವಾದರೂ ಬೇಕು. ಬ್ರಾಡ್ ಶೋನ್‌ಫೆಲ್ಡ್ ಅನ್ನೋ ವ್ಯಾಯಾಮ ವಿಜ್ಞಾನಿಯ ತಂಡ 2016ರಲ್ಲಿ ಹೀಗೆ ಸುಧಾರಿಸಿಕೊಳ್ಳೋದರ ಲಾಭವನ್ನು ಅಳೆದು ತೋರಿಸಿತು. ಸೆಟ್‌ಗಳ, ಅಂದರೆ ಒಂದೇ ಸಮನೆ ಎತ್ತುವ ಸುತ್ತುಗಳ, ನಡುವೆ 1 ನಿಮಿಷ ಬಿಟ್ಟವರಿಗಿಂತ 3 ನಿಮಿಷ ಬಿಟ್ಟವರ ಬಲ 8 ವಾರದಲ್ಲಿ ಜಾಸ್ತಿ ಬೆಳೆದಿತ್ತು. ಹಾಗಾಗಿ ಯಾರೋ ಗುರಾಯಿಸಿದರು ಅಂತ ಗಡಿಬಿಡಿ ಮಾಡಬೇಡ. (ಬರೀ ತೋಳು ಮಡಚಿ ಎತ್ತುವ ಬೈಸೆಪ್ಸ್ ಕರ್ಲ್‌ಗೂ ಮೂರು ನಿಮಿಷ ಅಂದರೆ ಮಾತ್ರ ನಾನೇ ಬೈಯುತ್ತೇನೆ.)

ಆದರೆ ಸುಧಾರಿಸಿಕೊಳ್ಳೋಕೆ ಬೆಂಚೇ ಆಗಬೇಕು ಅಂತೇನಿಲ್ಲ, ಅಲ್ವಾ? ಅದೂ ಮೊಬೈಲ್ ನೋಡುತ್ತಾ!

ನಮ್ಮ ಜಿಮ್‌ನಲ್ಲಿ ಸ್ಕ್ವಾಟ್ ರ‍್ಯಾಕ್, ಅಂದರೆ ಭಾರದ ರಾಡ್ ಹೆಗಲ ಮೇಲೆ ಹೊತ್ತು ಬಸ್ಕಿ ಹೊಡೆಯುವ ಸ್ಟ್ಯಾಂಡು, ಇರೋದು ಒಂದೇ. ಒಂದು ಸಂಜೆ ಎರಡು ಸೆಟ್ ಮುಗಿಸಿ, ರಾಡ್ ಮೇಲೆ ಟವೆಲ್ ಹಾಕಿ ನೀರು ಕುಡಿಯೋಕೆ ಹೋದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದೆವಲ್ಲ, ಅದೇ ಬುದ್ಧಿ. ಅಲ್ಲಿ ಪರಿಚಯದವರೊಬ್ಬರು ಸಿಕ್ಕರು, ಮಾತಿಗೆ ನಿಂತೆ. ವಾಪಸ್ ಬಂದಾಗ ಐವತ್ತು ದಾಟಿದ ಒಬ್ಬರು ನನ್ನ ಒದ್ದೆ ಟವೆಲನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದು ನಿಂತಿದ್ದರು. "ಎಷ್ಟು ಸೆಟ್ ಬಾಕಿ ಸರ್? ಮಧ್ಯ ಮಧ್ಯ ನಾನೂ ಒಂದೊಂದು ಹೊಡೀಲಾ?" ಅಷ್ಟೇ ಕೇಳಿದ್ದು. ಬೈದಿದ್ದರೆ ವಾಸಿ ಇತ್ತು.

ನನ್ನದು 80 ಕೆಜಿ, ಅವರದು 50. ಎರಡೂ ಕಡೆಯಿಂದ ಒಂದೊಂದು 15ರ ಪ್ಲೇಟ್ ತೆಗೆದರೆ ಅವರ ಸರದಿ, ಹಾಕಿದರೆ ನನ್ನ ಸರದಿ. ಪ್ಲೇಟ್ ಬದಲಿಸಿ, ಅವರು ಎತ್ತಿ ಮುಗಿಸುವಷ್ಟರಲ್ಲಿ ನನ್ನ ಮೂರು ನಿಮಿಷ ಆಗಿಯೇ ಹೋಗುತ್ತಿತ್ತು. ಒಂದು ನಿಮಿಷವೂ ದಂಡವಾಗಲಿಲ್ಲ. ಗರಡಿ ಮನೆಯಲ್ಲಿ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕುಸ್ತಿ ಆಡೋ ಮಣ್ಣಿನ ಮಟ್ಟಿ ಇರೋದೊಂದೇ, ಒಂದು ಜೋಡಿ ಕುಸ್ತಿಗೆ ಇಳಿದರೆ ಉಳಿದವರು ಪಕ್ಕದಲ್ಲಿ ಬಸ್ಕಿ ಹೊಡೆಯುತ್ತಿರುತ್ತಾರೆ.

ಎಲ್ಲ ಕಡೆ ಇದು ನಡೆಯಲ್ಲ ಅನ್ನೋದೂ ನಿಜ. ಆರಡಿ ಆಸಾಮಿ ಜೊತೆ ಸೇರಿಕೊಂಡರೆ ಪ್ರತಿ ಸಲ ರ‍್ಯಾಕಿನ ಕೊಕ್ಕೆ ಏರಿಸಿ ಇಳಿಸಿ ಸಾಕಾಗುತ್ತದೆ. ಆಗ ಸುಮ್ನೆ "ಇನ್ನೆರಡು ಸೆಟ್ ಇದೆ" ಅಂತ ಹೇಳಿಬಿಡು, ಕಾಯುವವರಿಗೆ ಲೆಕ್ಕ ಸಿಗುತ್ತದೆ. ಬೆಂಚಿನ ಮೇಲಿನ ಬೆವರು ಒರೆಸೋದು ಮಾತ್ರ ಮರೆಯಬೇಡ, ಹಿಂದೆಯೇ ಇನ್ನೊಬ್ಬರ ಬೆನ್ನು ಬರುತ್ತದೆ.

ನಾಳೆ ಆ ಸೋಫಾ ಮಹಾಶಯರು ಸಿಕ್ಕರೆ ನೀನೇ ಮೊದಲು ಕರಿ, "ಬನ್ನಿ ಸರ್, ಸೇರ್ಕೊಳ್ಳಿ" ಅಂತ. ಏನಂದರು ಅಂತ ಬರಿ.

ನಿನ್ನ,
ಟವೆಲ್ ಗೆಳೆಯ