ಕವಲು ಕೂರಿಸುವಾಗ ಅವಸರ ಬೇಡ

ಮಾನ್ಯ ಸಂಪಾದಕರೇ,

ಹಾಸನದಲ್ಲಿ 20 ವರ್ಷದಿಂದ ತಗಡಿನ ಡಕ್ಟ್ (ಫ್ಯಾನ್‌ನ ಗಾಳಿಯನ್ನು ಒಯ್ಯುವ ಕೊಳವೆ) ಕೆಲಸ ಮಾಡುತ್ತಿದ್ದೇನೆ. ಹೋದ ತಿಂಗಳು ಒಂದು ಕಲ್ಯಾಣ ಮಂಟಪಕ್ಕೆ ಕರೆದಿದ್ದರು. ಫ್ಯಾನ್ ಜೋರಾಗಿಯೇ ತಿರುಗುತ್ತಿತ್ತು, ಊಟದ ಹಾಲ್‌ನ ಕೊನೆಯ ಸಾಲಿಗೆ ಮಾತ್ರ ಗಾಳಿಯೇ ಇಲ್ಲ. ಬಡಿಸುವ ಹುಡುಗರು ಬೆವರಿ ತೊಪ್ಪೆಯಾಗಿದ್ದರು, ಪಾಪ.

ಏಣಿ ಹತ್ತಿ ನೋಡಿದೆ. ಕವಲಿನ, ಅಂದ್ರೆ ದೊಡ್ಡ ಡಕ್ಟ್‌ನಿಂದ ಪಕ್ಕಕ್ಕೆ ಗಾಳಿ ಒಯ್ಯುವ ಸಣ್ಣ ಡಕ್ಟ್‌ನ, ಬಾಯನ್ನು ದೊಡ್ಡದರೊಳಗೆ 3 ಇಂಚು ತೂರಿಸಿದ್ದರು. ಮುಂದೆ ಹೋಗುವ ಗಾಳಿಗೆ ಅದೇ ಅಡ್ಡ! ಸುತ್ತ ಸಂದು ಮುಚ್ಚುವ ಸೀಲೆಂಟ್ ಇಲ್ಲ, ಎರಡೇ ಸ್ಕ್ರೂ.

ದೊಡ್ಡ ಡಕ್ಟ್ ಮೇಲೆ ಕವಲನ್ನೇ ಇಟ್ಟು ಗುರುತು ಹಾಕಿ ತೂತು ಕತ್ತರಿಸಬೇಕು. ಅಂಚು ಒಳಗೆ ಚಾಚಬಾರದು. ಗಾಳಿ ಕೊಡುವ ಡಕ್ಟ್‌ಗೆ 45 ಡಿಗ್ರಿ ಇಳಿಜಾರಿನ ಕವಲು ಹಾಕಿದರೆ, ಆ ಇಳಿಜಾರು ಗಾಳಿ ಬರುವ ಕಡೆಗೇ ಇರಬೇಕು. ತಿರುಗಿಸಿ ಕೂರಿಸಿದರೆ ಸುಮ್ನೆ ದುಡ್ಡು ದಂಡ, ಅಲ್ವಾ?

ಕಟ್ಟಿಸುವವರು ಫಾಲ್ಸ್ ಸೀಲಿಂಗ್ ಮುಚ್ಚುವ ಮುಂಚೆ ದಯವಿಟ್ಟು ಒಮ್ಮೆ ಮೇಲೆ ಹತ್ತಿ ನೋಡಿ.

– ಒಬ್ಬ ಡಕ್ಟ್ ಕೆಲಸಗಾರ, ಹಾಸನ