ಹಳೆ ಪೇಟೆಯಲ್ಲಿ ನಡೆದು ಹೋಗುವಂತಾಗಲಿ

ಮಾನ್ಯ ಸಂಪಾದಕರೇ,

ಶಿರಸಿಗೆ ಬರುವ ಪ್ರವಾಸಿಗರು ಮಾರಿಕಾಂಬೆಗೆ ಕೈಮುಗಿದು, ಸಹಸ್ರಲಿಂಗಕ್ಕೋ ಯಾಣಕ್ಕೋ ಉಂಚಳ್ಳಿ ಜಲಪಾತಕ್ಕೋ ಹೊರಟುಬಿಡುತ್ತಾರೆ. ಊರನ್ನು ನೋಡುವುದು ಕಾರಿನ ಕಿಟಕಿಯಿಂದಷ್ಟೇ. ಅವರನ್ನು ದೂರಿ ಫಲವಿಲ್ಲ. ಮಾರಿಗುಡಿ, ಸಿ.ಪಿ. ಬಜಾರ, ಬಿಡಕಿಬೈಲುಗಳ ನಡುವೆ ನಿಶ್ಚಿಂತೆಯಿಂದ ನಡೆದಾಡಲು ಊರವರಾದ ನಮಗೇ ಆಗುತ್ತಿಲ್ಲ.

ಕಳೆದ ತಿಂಗಳು ಧಾರವಾಡದಿಂದ ಬಂದಿದ್ದ ನೆಂಟರನ್ನು ಕರೆದುಕೊಂಡು, ಅಂಗಡಿಗಳು ತೆರೆಯುವ ಮೊದಲೇ ಈ ಪೇಟೆಯನ್ನು ಸುತ್ತಿದೆ. ಮಾರಿಗುಡಿಯಲ್ಲಿ ಅವರು ಹೆಚ್ಚು ಹೊತ್ತು ನಿಂತದ್ದು ಕಾವಿ ಚಿತ್ರಗಳ ಮುಂದೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಕಾವಿ ಬಳಿದು, ಅದು ಹಸಿಯಿರುವಾಗಲೇ ಕಬ್ಬಿಣದ ಕಂಟದಿಂದ ಕೆರೆದರೆ ಒಳಗಿನ ಬಿಳಿ ಹೊರಬಂದು ಚಿತ್ರವಾಗುತ್ತದೆ. ಮೂಗು ತಾಗುವಷ್ಟು ಹತ್ತಿರ ಹೋದರೆ ಕೆರೆದವನ ಕೈ ಎಲ್ಲಿ ಒತ್ತಿತು, ಎಲ್ಲಿ ಜಾರಿತು ಎಂಬುದೂ ತಿಳಿಯುತ್ತದೆ. ನಮ್ಮ ಕರಾವಳಿಯಿಂದ ಗೋವೆಯವರೆಗೆ ಹಬ್ಬಿದ್ದ ಈ ಕಲೆ ಜೀರ್ಣೋದ್ಧಾರದ ಹೆಸರಿನಲ್ಲಿ ಬಂದ ಪೇಂಟು, ಟೈಲ್ಸುಗಳ ಅಡಿಯಲ್ಲಿ ಎಷ್ಟೋ ಗುಡಿಗಳಲ್ಲಿ ಮುಚ್ಚಿಹೋಗಿದೆ. 1688ರಲ್ಲಿ ದೇವಿಯ ಪ್ರತಿಷ್ಠೆಯಾದದ್ದು, 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದದ್ದು, ಕೋಣನ ಬಲಿ ನಿಂತದ್ದು, ಎಲ್ಲವನ್ನೂ ನಾನು ಬಾಯಲ್ಲೇ ಹೇಳಬೇಕಾಯಿತು. ನಡೆದ ದಾರಿಯಲ್ಲಿ ಒಂದು ಫಲಕವೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ಪೇಟೆಯ ಸೊಗಸೇ ಬೇರೆ. ಮದುವೆಯ ಜವಳಿಗೂ ಚಿನ್ನಕ್ಕೂ ಹಳ್ಳಿಗಳವರು ಇಂದಿಗೂ ಬರುವುದು ಇಲ್ಲಿಗೇ ಆದ್ದರಿಂದ ಕೆಳಗೆ ಗಾಜು, ಝಗಮಗ ದೀಪ, ಗೊಂಬೆಗೆ ಉಡಿಸಿದ ರೇಷ್ಮೆ ಸೀರೆ. ತಲೆ ಎತ್ತಿದರೆ ಮರದ ಕಟಾಂಜನದ ಮಾಳಿಗೆ, ಪಾಚಿ ಹಿಡಿದ ಮಂಗಳೂರು ಹೆಂಚು. ದುರಸ್ತಿಗೆಂದು ಇಳಿಸಿಟ್ಟಿದ್ದ ಹೆಂಚೊಂದರ ಮೇಲೆ ಬಾಸೆಲ್ ಮಿಷನ್ನಿನ ಮುದ್ರೆ, 1865 ಎಂಬ ಇಸವಿ. (ಅದು ಕಾರ್ಖಾನೆ ಶುರುವಾದ ವರ್ಷ, ಮನೆಯ ವಯಸ್ಸೆಂದು ಯಜಮಾನರು ಹಿಗ್ಗಬೇಕಾಗಿಲ್ಲ.) ಹೀಗೆ ಮೇಲೆ ನೋಡುತ್ತಿದ್ದಾಗಲೇ ನೆಂಟರ ಕಾಲು ಗಟಾರದ ಮೇಲಿನ ಅಲುಗಾಡುವ ಚಪ್ಪಡಿಗಳ ಸಂದಿಗೆ ಸಿಕ್ಕಿ, ಪಾದ ಊದಿ, ಉಳಿದ ನಡಿಗೆ ರಿಕ್ಷಾದಲ್ಲಿ ಮುಗಿಯಿತು. ಹತ್ತು ಗಂಟೆಯ ನಂತರವಂತೂ ನಿಲ್ಲಿಸಿದ ಬೈಕುಗಳ ಸಾಲು, ಹೊರಗೆ ಚಾಚಿದ ಸಾಮಾನು ಇವುಗಳ ನಡುವೆ ನಡೆಯುವವರು ರಸ್ತೆಯ ಮಧ್ಯಕ್ಕೇ ಇಳಿಯಬೇಕು.

ಎರಡು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ದೇವಿಯ ರಥ ಬಿಡಕಿಬೈಲಿನ ಗದ್ದುಗೆಗೆ ಹೊರಡುವಾಗ ಇದೇ ಊರು ದಾರಿ ತೆರವು ಮಾಡಿಕೊಡುತ್ತದೆ. ಆದ್ದರಿಂದ ಇದು ಆಗದ ಕೆಲಸ ಎಂದು ಯಾರೂ ಹೇಳುವಂತಿಲ್ಲ. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಆರರಿಂದ ಒಂಬತ್ತರವರೆಗಾದರೂ ಪೇಟೆಯ ಒಳರಸ್ತೆಗಳಿಗೆ ವಾಹನ ಬಿಡದಿರಲಿ. ಹಳೆಯ ಕಟ್ಟಡಗಳ ಮುಂದೆ ನಾಲ್ಕು ಸಾಲಿನ ಕನ್ನಡ ಫಲಕಗಳಿರಲಿ. ಮಾಳಿಗೆ, ಹೆಂಚುಗಳನ್ನು ಕೆಡವದೆ ಉಳಿಸಿಕೊಂಡವರಿಗೆ ಮನೆ ತೆರಿಗೆಯಲ್ಲಿ ಒಂದಿಷ್ಟು ರಿಯಾಯಿತಿ ಕೊಡುವ ಬಗೆಗೂ ನಗರಸಭೆ ಯೋಚಿಸಲಿ. ಇವೆಲ್ಲ ಸಭೆ, ಠರಾವುಗಳನ್ನು ದಾಟಿ ಬರುವಷ್ಟರಲ್ಲಿ ಮುಂದಿನ ಜಾತ್ರೆಯೇ ಬಂದೀತು. ಗಟಾರದ ಚಪ್ಪಡಿಗಳನ್ನಾದರೂ ಈ ಮಳೆಗಾಲಕ್ಕೆ ಮುಂಚೆ ಗಟ್ಟಿಯಾಗಿ ಕೂರಿಸಬೇಕೆಂದು ವಿನಂತಿ.

ಇತಿ,
ಓದುಗರೊಬ್ಬರು, ಶಿರಸಿ